ಹತ್ತು ಸೇರಿಸಿ

ದೊಡ್ಡ ಹಲಗೆ ಕೊಯ್ಯುವುದಕ್ಕೆ ಇಬ್ಬರು ಬೇಕು. ಗರಗಸ ಹಿಡಿಯಲು ಒಬ್ಬ ಸಾಕು, ನಿಜ. ಆದರೆ ಹಲಗೆಗೆ ಇನ್ನೊಂದು ತುದಿ ಅಂತ ಇರುತ್ತದಲ್ಲ, ಅದನ್ನು ಅಲುಗದಂತೆ ಹಿಡಿದು, ತುಂಡಾಗುವ ಗಳಿಗೆಯಲ್ಲಿ "ಬಿಟ್ಟೆ" ಎನ್ನಲು ಮತ್ತೊಂದು ಜೀವ ಬೇಕು. ಬಡಗಿಯ ಅಂಗಡಿಯಲ್ಲಿ ಆ ತುದಿ ಅವನ ಹೆಂಡತಿಯದು. ಹೊಸದರಲ್ಲಿ ಇಬ್ಬರದೂ ಎತ್ತು ಏರಿಗೆ, ಕೋಣ ನೀರಿಗೆ. ಅವನು ಎಳೆದರೆ ಅವಳೂ ತನ್ನ ಕಡೆಗೆ ಎಳೆಯುವಳು, ಅವಳು ಎತ್ತಿದರೆ ಇವನು ಇಳಿಸುವನು. ವರ್ಷಗಳು ಕಳೆದಂತೆ ಮಾತಿನ ಅಗತ್ಯವೇ ಉಳಿಯಲಿಲ್ಲ. ಉಳಿದದ್ದು ಎರಡೇ ಪದ. ಒಂದು "ಬಿಟ್ಟೆ". ಇನ್ನೊಂದು "ಹತ್ತು".

"ಹತ್ತು" ಅವರ ಮನೆಯ ಸ್ವಂತ ಪದ. ಅವರ ಹಳೆಯ ಟೇಪಿನ ಕೊಕ್ಕೆ ಸಡಿಲವಾಗಿ, ಮೊದಲ ಅಂಕಿಗಳು ಸವೆದು ಬೋಳಾಗಿದ್ದವು. ಹಾಗಾಗಿ ಹೆಂಡತಿ ಟೇಪಿನ ಹತ್ತು ಸೆಂಟಿಮೀಟರಿನ ಗೆರೆಯನ್ನೇ ಹಲಗೆಯ ಅಂಚಿಗೆ ಹಿಡಿದು "ಹತ್ತು" ಎಂದು ಕೂಗುವಳು. ಈ ತುದಿಯಲ್ಲಿ ಅವನು ಹತ್ತು ಸೇರಿಸಿ ಗುರುತು ಹಾಕುವನು. ಎಂಬತ್ತು ಬೇಕಿದ್ದರೆ ತೊಂಬತ್ತರ ಮೇಲೆ ಪೆನ್ಸಿಲು. ಮುನಿಸಿಕೊಂಡ ದಿನ ಆ "ಹತ್ತು" ಹಲ್ಲಿನ ನಡುವಿನಿಂದ ಬರುತ್ತಿತ್ತು, ಖುಷಿಯ ದಿನ ರಾಗವಾಗಿ. ಅವಳ ಮನಸ್ಸು ಹೇಗಿದೆ ಎಂದು ತಿಳಿಯಲು ಬಡಗಿ ಮುಖ ನೋಡುತ್ತಿರಲಿಲ್ಲ. ಅಳತೆ ತೆಗೆಯುತ್ತಿದ್ದ.

ಹೋದ ವರ್ಷ ಅವಳು ದೂರದ ಪಟ್ಟಣಕ್ಕೆ ಹೋದಳು. ಅಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ಹಗಲೂ ರಾತ್ರಿ ನೋಡಿಕೊಳ್ಳುವ ಕೆಲಸ. ಒಂದು ಕಸುಬಿಗೆ ಮೂರು ಹೊಟ್ಟೆ ನೇತುಬಿದ್ದರೆ ಕಸುಬು ತಾನೆ ಎಷ್ಟು ಎಳೆದೀತು? ಮನೆಯಲ್ಲಿ ಬಡಗಿಯೂ ಹೈಸ್ಕೂಲಿಗೆ ಹೋಗುವ ಮಗಳೂ ಉಳಿದರು. ಹೊರಡುವಾಗ ಹೆಂಡತಿ ಒಂದೇ ಕಟ್ಟಪ್ಪಣೆ ಮಾಡಿದ್ದಳು: "ಹುಡುಗಿ ಕೈಗೆ ಪುಸ್ತಕ ಕೊಡಿ, ಹಲಗೆ ತುದಿ ಕೊಡ್ಬೇಡಿ."

ಅಂದಿನಿಂದ ದೊಡ್ಡ ಕೆಲಸಗಳು ನಿಂತವು. ಸ್ಟೂಲು, ಗೂಡು, ಮುರಿದ ಕುರ್ಚಿಯ ಕಾಲು. ಅಂಗಡಿಯ ಗೋಡೆಗೆ ಒರಗಿಸಿಟ್ಟ ದೊಡ್ಡ ಹಲಗೆಗಳ ಮೇಲೆ ಧೂಳು ಕೂತಿತು. ಮಾತಾಡಲು ಯಾರೂ ಇಲ್ಲದೆ ಬಡಗಿ ಮರ ಹೆರೆಯುವ ಹತ್ತರಿಯ ಜೊತೆ ಮಾತಾಡತೊಡಗಿದ. ಹತ್ತರಿ ಕೆರೆಯುತ್ತಿತ್ತು, ಅಷ್ಟೆ.

ಸಂಜೆ ಅಜ್ಜಿಗೆ ತಿನ್ನಿಸಿ ಮುಗಿಸಿದ ಮೇಲೆ ಹೆಂಡತಿ ಫೋನು ಮಾಡುತ್ತಿದ್ದಳು. ಒಂದು ಸಂಜೆ ಹೇಳಿದಳು:

"ರೀ, ಇವ್ರ ಮನೆಯವ್ರು ಇನ್ನೊಂದು ವರ್ಷ ಇರ್ತೀಯಾ ಅಂತಿದಾರೆ. ಭಾನುವಾರದೊಳಗೆ ಹೇಳ್ಬೇಕಂತೆ."

"ನೀನೇನಂದೆ?"

"ನಾನೇನನ್ಲಿ? ಅಲ್ಲಿ ನೀವು ಒಬ್ರೇ ಸ್ಟೂಲು ಮಾಡ್ಕೊಂಡು ಕೂತಿದ್ರೆ ನಾನಿಲ್ಲಿದ್ದು ಏನು ಬಂತು? ಹೊಳೇಲಿ ಹುಣಸೆಹಣ್ಣು ತೊಳ್ದ ಹಾಗೆ. ಒಬ್ರೇ ಕೊಯ್ಯೋದಕ್ಕೆ ಏನೋ ಟೇಬಲ್ ಮಾಡ್ತೀನಿ ಅಂತಿದ್ರಲ್ಲ? ಅದು ಆದ್ರೆ ಹೇಳಿ, ಹೂಂ ಅಂತೀನಿ. ಆಗ್ಲಿಲ್ಲ ಅಂದ್ರೆ ಬಂದ್ಬಿಡ್ತೀನಿ."

ಬಡಗಿ "ಆಗುತ್ತೆ ಬಿಡು" ಎಂದ. ಎಂದ ಮೇಲೆ, ಏನು ಆಗುತ್ತೆ ಎಂದು ತನ್ನನ್ನೇ ಕೇಳಿಕೊಂಡ.

ಆ ಟೇಬಲ್ಲಿನ ವಿಷಯ ಹೇಳಿದ್ದು ಸಾಮಾನಿನ ಅಂಗಡಿಯವನು. ಮೇಲ್ಮೈ ತುಂಬ ಸಾಲಾಗಿ ತೂತು ಕೊರೆಯುವುದು, ತೂತಿಗೆ ಗೂಟ ಸಿಕ್ಕಿಸುವುದು. ಮುಂದಿನ ಸಾಲಿನ ಗೂಟಗಳಿಗೂ ಹಿಂದಿನ ಸಾಲಿನ ಗೂಟಗಳಿಗೂ ನಡುವೆ ಹಲಗೆ ಕಚ್ಚಿ ಕೂತರೆ ಅಲುಗುವುದಿಲ್ಲ. ಕರೆಂಟಿನ ಗರಗಸ ಓಡುವ ಹಳಿಯನ್ನೂ ಗೂಟಕ್ಕೇ ಒತ್ತಿ ಇಟ್ಟರೆ ಕೊಯ್ತ ಮೂಲೆಗೆ ಸರಿಯಾಗಿ ಬರುತ್ತದೆ. "ಈ ಗೂಟಕ್ಕೆ ನಾಯಿ ಅಂತಾರೆ ಕಣ್ರೀ," ಎಂದಿದ್ದ ಅಂಗಡಿಯವನು. "ಕಚ್ಚಿದ್ರೆ ಬಿಡಲ್ಲ."

ಇದನ್ನು ಹೆಂಡತಿಗೆ ಹೇಳಿದಾಗ ಅವಳು ಫೋನಿನಲ್ಲೇ ಬಿದ್ದು ಬಿದ್ದು ನಕ್ಕಿದ್ದಳು. "ಅಂತೂ ನನ್ನ ಜಾಗಕ್ಕೆ ನಾಯಿ ತಂದ್ರಿ ಅನ್ನಿ! ಊಟ ಉಳಿಯುತ್ತೆ ಬಿಡಿ. ಇದು ಎದುರು ಮಾತಾಡಲ್ಲ."

ಕೆಲಸಕ್ಕೆ ಕೈ ಹಾಕಿದ ಬಡಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತ. ಇಂಥ ತೂತಿನ ಕೆಲಸದಲ್ಲಿ ಮೋಸ ಹೋಗುವ ಜಾಗ ಅವನಿಗೆ ಗೊತ್ತಿತ್ತು. ಒಂದು ತೂತಿನಿಂದ ಇನ್ನೊಂದನ್ನು, ಅದರಿಂದ ಮತ್ತೊಂದನ್ನು ಅಳೆಯುತ್ತ ಹೋದರೆ ಸುಳ್ಳಿನ ಮೇಲೆ ಸುಳ್ಳು ಹೇಳಿದ ಹಾಗೆ. ಮೊದಲದು ಕೂದಲೆಳೆ ತಪ್ಪಿದರೆ ಕೊನೆಯದು ಹೆಬ್ಬೆರಳು ತಪ್ಪಿರುತ್ತದೆ. ಅದಕ್ಕೇ ಅವನು ಎಲ್ಲ ಗುರುತುಗಳನ್ನೂ ಒಂದೇ ಅಂಚಿನಿಂದ ಅಳೆದ. ಅದಕ್ಕೆಂದೇ ಗಟ್ಟಿ ಕೊಕ್ಕೆಯ ಹೊಸ ಟೇಪು ತಂದಿದ್ದ. ಪ್ರತಿ ಗುರುತಿನ ನಡುಮಧ್ಯಕ್ಕೆ ಮೊಳೆಯ ಮೊನೆಯಿಂದ ಚುಚ್ಚಿ ಡ್ರಿಲ್ಲು ಜಾರದಂತೆ ಕುಳಿ ಮಾಡಿದ. ಕೆಳಗೆ ರದ್ದಿ ಹಲಗೆ ಬಿಗಿದ, ಡ್ರಿಲ್ಲಿನ ಮೊನೆ ಹೊರಬರುವಾಗ ಅಡಿಭಾಗ ಸಿಬಿರೇಳದಿರಲಿ ಎಂದು. ಮುಂದಿನ ಸಾಲು ಮುಗಿಯಿತು. ದಾರ ಎಳೆದು ನೋಡಿದರೆ ಎಲ್ಲ ತೂತುಗಳೂ ಶಾಲೆಯ ಮಕ್ಕಳ ಹಾಗೆ ಸಾಲಿಗೆ ನಿಂತಿದ್ದವು.

ಮರುದಿನ ಹಿಂದಿನ ಸಾಲು. ಮುಂದಿನ ಸಾಲಿನ ಗೂಟದಿಂದ ಇದು ಎಂಬತ್ತು ದೂರ ಬರಬೇಕು. ಅವನು ಮಾಡುವ ಕಪಾಟಿನ ಬಾಗಿಲುಗಳಿಗೆಲ್ಲ ಅದೇ ಅಗಲದ ಹಲಗೆ. ಟೇಪಿನ ಕೊಕ್ಕೆಯನ್ನು ಗೂಟಕ್ಕೆ ಸಿಕ್ಕಿಸಿದ, ಎಳೆದ, ಗುರುತು ಹಾಕಿದ. ಇನ್ನೊಂದು ಗೂಟ, ಇನ್ನೊಂದು ಗುರುತು. ಓರೆಯಾಗಿ ಈ ಮೂಲೆಯಿಂದ ಆ ಮೂಲೆಗೂ, ಆ ಮೂಲೆಯಿಂದ ಈ ಮೂಲೆಗೂ ದಾರ ಹಿಡಿದು ನೋಡಿದ. ಎರಡೂ ದಾರ ಒಂದೇ ಉದ್ದ, ಚೌಕ ಕೂತಿದೆ. ಡ್ರಿಲ್ಲು ಹಾಡಿತು. ಮಧ್ಯಾಹ್ನ ಮಗಳು ಬರುವ ಹೊತ್ತಿಗೆ ಸಾಲು ಮುಗಿದಿತ್ತು. ಅಳತೆಗೆ ಸರಿಯಾಗಿ ಕೊಯ್ದಿಟ್ಟಿದ್ದ ಹಲಗೆಯೊಂದನ್ನು ತಂದು ಗೂಟಗಳ ನಡುವೆ ಇಟ್ಟ.

ಹಲಗೆ ಲೊಡಲೊಡ ಅಂದಿತು. ಹಿಂದಿನ ಗೂಟಕ್ಕೂ ಹಲಗೆಗೂ ನಡುವೆ ಅಂಗೈ ತೂರುವಷ್ಟು ಸಂದು. ಟೇಪು ಹಿಡಿದ. ತೊಂಬತ್ತು. ಪಕ್ಕದ್ದು ನೋಡಿದ. ತೊಂಬತ್ತು. ಸಾಲಿಗೆ ಸಾಲೇ ತೊಂಬತ್ತು, ಎಲ್ಲೂ ಕೂದಲೆಳೆ ವ್ಯತ್ಯಾಸವಿಲ್ಲ.

ಮಗಳು ಬ್ಯಾಗು ಇಳಿಸಿ ಬಗ್ಗಿ ನೋಡಿದಳು. "ಏನಪ್ಪಾ, ನಾಯಿಗಳು ಕಚ್ತಿಲ್ವಾ?"

"ಸುಮ್ನಿರೇ. ಸಾಲು ಕೆಟ್ಟೋಯ್ತು."

"ಪೂರ್ತಿ?"

"ಪೂರ್ತಿ. ತೂತು ಬಿದ್ದ ಮೇಲೆ ಬಿತ್ತು. ಹೊಲಿಗೆ ಹಾಕೋಕೆ ಇದೇನು ಅಂಗೀನಾ?"

ಮಗಳು ಒಂದು ತೂತಿನೊಳಗೆ ಬೆರಳು ಹಾಕಿ ಸುತ್ತ ತಿರುಗಿಸಿದಳು. ಆಮೇಲೆ, ತೂತನ್ನೇ ನೋಡುತ್ತ, ತಮಾಷೆಯೋ ನಿಜವೋ ತಿಳಿಯದ ದನಿಯಲ್ಲಿ ಹೇಳಿದಳು: "ಹಾಗಾದ್ರೆ ಆಗ್ಲಿಲ್ಲ ಅಂತ ಹೇಳ್ಬಿಡಿ. ಅಮ್ಮ ಬಂದ್ಬಿಡ್ತಾಳೆ."

ಅವನು ಹಲಗೆಯನ್ನು ಗೂಟಗಳ ನಡುವಿನಿಂದ ಎತ್ತಿ ಪಕ್ಕಕ್ಕಿಟ್ಟ. ಬೆಳಗ್ಗೆಯಿಂದ ತೆಪ್ಪಗಿದ್ದ ಆಸೆಯೊಂದಕ್ಕೆ ಹುಡುಗಿ ಬಾಯಿ ಕೊಟ್ಟುಬಿಟ್ಟಿದ್ದಳು. ಹೇಳಿದರೆ ಸುಳ್ಳೂ ಅಲ್ಲ. ಟೇಬಲ್ಲು ಕೆಟ್ಟಿರುವುದು ನಿಜ. ಒಂದು ಕೈಯಿಂದ ಚಪ್ಪಾಳೆ ಆಗಲಿಲ್ಲ, ಬಾ ಎಂದರೆ ಮುಗಿಯಿತು.

ಸಂಜೆ ಫೋನು ಬಂತು.

"ಆಯ್ತಾ?" ಎಂದಳು ಹೆಂಡತಿ.

"ಹಿಂದಿನ ಸಾಲು ಕೆಟ್ಟೋಗಿದೆ."

"ಕೆಟ್ಟೋಯ್ತಾ? ನಿಮ್ಮ ಕೈಲಿ? ಎಷ್ಟು ತಪ್ತು?"

"ಹತ್ತು. ಎಂಬತ್ತಕ್ಕೆ ಬರ್ಬೇಕಿತ್ತು, ತೊಂಬತ್ತಕ್ಕೆ ಹೋಗಿದೆ."

ಆ ಕಡೆ ಅಜ್ಜಿ ಎಲ್ಲೋ ಕೆಮ್ಮಿದ್ದು ಕೇಳಿಸಿತು. ಆಮೇಲೆ ಅವಳು ಮೆಲ್ಲಗೆ ಕೇಳಿದಳು:

"ರೀ, ಟೇಪಿನ ಆ ತುದಿ ಯಾರು ಹಿಡ್ಕೊಂಡಿದ್ರು?"

"ಯಾರು ಹಿಡೀತಾರೆ? ಹೊಸ ಟೇಪು. ಕೊಕ್ಕೆ ಗೂಟಕ್ಕೆ ಸಿಕ್ಕಿಸಿದ್ದೆ."

"ಮತ್ತೆ ಹತ್ತು ಯಾರಿಗೆ ಸೇರಿಸಿದ್ರಿ?"

ಬಡಗಿ ಫೋನು ಹಿಡಿದೇ ಟೇಬಲ್ಲಿನ ಕಡೆ ತಿರುಗಿದ. ಮುಂದಿನ ಸಾಲು ಟೇಬಲ್ಲಿನ ಅಂಚಿನಿಂದ ಅಳೆದದ್ದು. ಅದು ಯಾವಾಗಲೂ ಅವನೊಬ್ಬನೇ ತೆಗೆಯುವ ಅಳತೆ, ತಪ್ಪಲಿಲ್ಲ. ಈ ಸಾಲಿಗೆ ಟೇಬಲ್ಲಿನ ಆಚೆ ಬದಿಗೆ ಟೇಪು ಸಿಕ್ಕಿಸಿ, ಈಚೆ ಬದಿಗೆ ಬಂದು ನಿಂತಿದ್ದ. ಆಚೆ ಅವಳ ಜಾಗ. ಅಲ್ಲಿಂದ "ಹತ್ತು" ಎಂದು ಯಾರೂ ಕೂಗಲಿಲ್ಲ. ಕೂಗಿದಂತೆ ಕೈ ತಾನೇ ಸೇರಿಸಿಕೊಂಡಿತ್ತು, ಒಂದೊಂದು ತೂತಿಗೂ.

"ಮಾತಾಡಿ," ಎಂದಳು.

"ಅಭ್ಯಾಸ," ಎಂದ.

"ನನ್ನ ದೆವ್ವ ಅಲ್ಲೇ ನಿಂತಿದೆ ಅನ್ನಿ. ಕೂಲಿ ಇಲ್ದೆ ದುಡೀತಿದೆ." ನಗಲು ಹೋದಳು; ನಗು ಅರ್ಧಕ್ಕೇ ನಿಂತಿತು. "ಮರದ ವಿಷಯದಲ್ಲಿ ನೀವು ನನಗೆ ಸುಳ್ಳು ಹೇಳಿಲ್ಲ. ಈಗ ಹೇಳಿ. ಅದು ಸರಿ ಆಗುತ್ತಾ, ಇಲ್ವಾ?"

ಇಲ್ಲ ಎನ್ನಲು ಒಂದೇ ಉಸಿರು ಸಾಕಿತ್ತು. ಅವನ ಕಣ್ಣ ಮುಂದೆ ಆ ಸಾಲು ಇತ್ತು. ಪಕ್ಕದಲ್ಲೇ ಎಂಬತ್ತಕ್ಕೆ ಇನ್ನೊಂದು ಸಾಲು ಕೊರೆಯಲು ಬೇಕಾದಷ್ಟು ಜಾಗವಿತ್ತು. ಅದು ಅವನಿಗೆ ಮಧ್ಯಾಹ್ನವೇ ಕಂಡಿತ್ತು. ಕಂಡೂ ಕಾಣದವನ ಹಾಗೆ ಸುತ್ತಿಗೆಗಳನ್ನು ಜೋಡಿಸಿಡುತ್ತ ಸಂಜೆ ಮಾಡಿದ್ದ.

"ಆಗುತ್ತೆ," ಎಂದ. "ನಾಳೆ ಸರಿ ಮಾಡ್ತೀನಿ."

"ಹೂಂ," ಎಂದಳು ಹೆಂಡತಿ. ಒಪ್ಪಿಗೆಯ ಹೂಂ ಹಾಗಿರುವುದಿಲ್ಲ.

ಮರುದಿನ ಶನಿವಾರ. ಹೊಸ ಗುರುತು ಹಾಕುವಾಗ ಪ್ರತಿ ಸಲವೂ ಬಾಯಿಬಿಟ್ಟು ಹೇಳಿಕೊಂಡ: "ಸೇರಿಸ್ಬೇಡ. ಯಾರೂ ಇಲ್ಲ." ಕೈ ಮಗುವಿನ ಹಾಗೆ ಹಟ ಮಾಡಿತು, ಪೆನ್ಸಿಲು ತೊಂಬತ್ತರವರೆಗೆ ಹೋಗಿ ಹೋಗಿ ಹಿಂದೆ ಬಂತು. "ಸೇರಿಸ್ಬೇಡ. ಯಾರೂ ಇಲ್ಲ." ಕೊರೆಯುವ ಕೆಲಸ ಇದಕ್ಕಿಂತ ಸುಲಭವಾಯಿತು. ಹೊಟ್ಟು ಸುರುಳಿಸುರುಳಿಯಾಗಿ ಏಳುವುದು, ರದ್ದಿ ಹಲಗೆ ಮುಟ್ಟಿದಾಗ ಸದ್ದು ಬದಲಾಗುವುದು, ಡ್ರಿಲ್ಲು ಎತ್ತುವುದು, ಊದುವುದು.

ಗೂಟ ಸಿಕ್ಕಿಸಿ ಹಲಗೆ ಇಟ್ಟ. ಎರಡೂ ಕಡೆ ಕಚ್ಚಿ ಕೂತಿತು. ಹಳಿ ಒತ್ತಿ ಕೊಯ್ದ. ತುಂಡೆರಡರಲ್ಲಿ ಒಂದನ್ನು ಮಗುಚಿ, ಕೊಯ್ದ ಅಂಚಿಗೆ ಅಂಚು ಹಿಡಿದು ಬೆಳಕಿಗೆ ಎತ್ತಿದ. ಮೂಲೆ ತಪ್ಪಿದ್ದರೆ ಸಂದಿನಲ್ಲಿ ಬೆಳಕು ನುಗ್ಗುತ್ತದೆ, ತಪ್ಪು ಎರಡರಷ್ಟಾಗಿ ಕಾಣುತ್ತದೆ. ಬೆಳಕು ಬರಲಿಲ್ಲ. ಎಷ್ಟೋ ಹೊತ್ತು ಹಾಗೇ ಹಿಡಿದು ನಿಂತ. ಜೀವಮಾನದಲ್ಲಿ ಮೊದಲ ಸಲ ಅವನು ಸಂದು ಇರಲಿ ಎಂದು ಹುಡುಕುತ್ತಿದ್ದ.

ಸಂಜೆ ಅವಳೇ ಕೇಳಲಿ ಎಂದು ಕಾದ. ಕೇಳಿದಳು.

"ಆಯ್ತಾ?"

"ಆಯ್ತು. ಮೂಲೆ ಕೂತಿದೆ. ಒಬ್ನೇ ಕೊಯ್ದೆ."

"ಬೆಳಕು?"

"ಒಂದೆಳೆ ಇಲ್ಲ."

ಅವಳು ಹೇಳಿದಳು: "ಇಷ್ಟು ಚೆನ್ನಾಗಿ ಮಾಡ್ಬೇಕಿತ್ತಾ?"

ಅವನು ಏನಾದರೂ ಹೇಳುವ ಮೊದಲೇ ದನಿ ಸರಿಮಾಡಿಕೊಂಡಳು. "ಸರಿ. ನಾಳೆ ಇವ್ರಿಗೆ ಹೂಂ ಅಂತೀನಿ. ಹುಡುಗಿಗೆ ಫೋನ್ ಕೊಡಿ. ಮತ್ತೆ... ಆ ಕೆಟ್ಟ ಸಾಲು ಏನ್ಮಾಡ್ತೀರಿ? ಮುಚ್ತೀರಾ?"

"ಇರ್ಲಿ," ಎಂದ ಬಡಗಿ. "ಅದೂ ನಿನ್ನ ಲೆಕ್ಕಕ್ಕೆ ಸರಿಯಾಗೇ ಇದೆ."

ಸೋಮವಾರ ಅವನು ಧೂಳು ಕೂತಿದ್ದ ಮೊದಲ ದೊಡ್ಡ ಹಲಗೆಯನ್ನು ಗೋಡೆಯಿಂದ ಬಿಡಿಸಿದ. ಒಂದು ಮೂಲೆ ಎತ್ತಿ, ಆಮೇಲೆ ಇನ್ನೊಂದು ಮೂಲೆ ಎತ್ತಿ, ಕಪಾಟು ಸರಿಸುವವನ ಹಾಗೆ ನಡೆಸಿಕೊಂಡು ಬಂದು ಟೇಬಲ್ಲಿನ ಮೇಲೆ ಮಲಗಿಸಿದ. ಮಗಳು ಶಾಲೆಗೆ ಹೋಗಿದ್ದಳು. ಗೂಟಗಳು ಹಲಗೆಯನ್ನು ಕಚ್ಚಿಕೊಂಡವು. ಗರಗಸ ಶುರುಮಾಡುವ ಮೊದಲು ಅವನು ಆಚೆ ಬದಿಗೆ ನೋಡಿದ, "ಹಿಡ್ಕೊಂಡಿದೀಯಾ?" ಎಂದ.

ಗೂಟಗಳು ಹಿಡಿದುಕೊಂಡೇ ಇದ್ದವು. ಕೊಯ್ದು ಮುಗಿಸಿದ. ತುಂಡಾದ ಗಳಿಗೆಯಲ್ಲಿ ಹಲಗೆ ಬೀಳಲಿಲ್ಲ, ಜಾರಲಿಲ್ಲ, ಇದ್ದಲ್ಲೇ ಎರಡಾಗಿ ಮಲಗಿತ್ತು. ಗರಗಸ ಆರಿಸಿ, ಕಿವಿಯ ಗುಂಯ್‌ಗುಡುವಿಕೆ ನಿಲ್ಲುವವರೆಗೆ ಅವನು ಅಲ್ಲೇ ನಿಂತಿದ್ದ. ಆಮೇಲೆ ಟೇಬಲ್ಲು ಬಳಸಿಕೊಂಡು ಆಚೆ ಬದಿಗೆ ಹೋಗಿ, ಅವಳ ಜಾಗದಲ್ಲಿ ನಿಂತು, ತಾನೇ ಹೇಳಿದ:

"ಬಿಟ್ಟೆ."