ಸಾಧ್ಯತೆಗೊಂದು ಸೀಟಿ

ಬೆಟ್ಟದ ಹಾದಿ ಹಿಡಿದ ಏಳನೆಯ ದಿನದ ಹೊತ್ತಿಗೆ ಸೊಸೆ ಅತ್ತೆಯಿಂದ ಮೂವತ್ತೊಂದು ಸೀಟಿ ತಿಂದಿದ್ದಳು. ಏಟಲ್ಲ, ಸೀಟಿಯೇ. ಅತ್ತೆ ಮೂವತ್ತಾರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ನಿವೃತ್ತಿಯಾದಾಗ ಮೈದಾನ ಬಿಟ್ಟರೇ ಹೊರತು ಕೊರಳಿನ ಸೀಟಿ ಬಿಡಲಿಲ್ಲ. ಸೊಸೆಗೆ ಹವಾಮಾನ ಕಚೇರಿಯಲ್ಲಿ ಕೆಲಸ; ದಿನಾ ಬೆಳಿಗ್ಗೆ ರೇಡಿಯೋದವರಿಗೆ ಮುನ್ಸೂಚನೆ ಬರೆದುಕೊಡುವವಳು ಅವಳೇ. ಹೊರಡುವ ಮೊದಲೇ ಅತ್ತೆ ಷರತ್ತು ಹಾಕಿದ್ದರು.

"ಬೆಟ್ಟದ ಮೇಲೆ ನಿನ್ನ ಆಫೀಸಿನ ಭಾಷೆ ನಡೆಯಲ್ಲ. 'ಬರಬಹುದು', 'ಸಾಧ್ಯತೆ ಇದೆ', 'ಅಲ್ಲಲ್ಲಿ'... ಯಾವುದು ಬಾಯಿಂದ ಬಂದ್ರೂ ಫೌಲ್."

ಪಾಪ, ಅವಳ ತಪ್ಪೂ ಅಲ್ಲ ಅದು. ಆ ಕಚೇರಿಯೇ ಹಾಗೆ. ಗೋಡೆಗೆ ಮೂರು ನಕ್ಷೆ, ಕಿಟಕಿಯ ಪಕ್ಕ ಗಾಳಿಯ ವೇಗ ತೋರಿಸುವ ಮುಳ್ಳು, ಬಾಗಿಲ ಹಿಂದೆ ಸಿಬ್ಬಂದಿಯ ಏಳು ಕೊಡೆ. ಬಿಸಿಲಿರಲಿ ಮಳೆಯಿರಲಿ ಆ ಏಳೂ ಅಲ್ಲೇ ತೂಗುತ್ತವೆ. ತಾವು ಬರೆದದ್ದನ್ನು ತಾವೇ ನಂಬದವರ ಕೊಡೆಗಳು. ಸೇರಿದ ದಿನವೇ ದೊಡ್ಡ ಸಾಹೇಬರು ಅವಳಿಗೆ ಪಾಠ ಹೇಳಿದ್ದರು: "ನೋಡಮ್ಮ, ಮಳೆ ಬರುತ್ತೆ ಅಂತ ಬರೆದವನ ಕುರ್ಚಿ ಉಳಿಯಲ್ಲ. ಬರಬಹುದು ಅಂತ ಬರೆದವನಿಗೆ ಪಿಂಚಣಿಯೂ ಬರುತ್ತೆ." ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹದಿನಾಲ್ಕು ವರ್ಷ ಅಡ್ಡಗೋಡೆಯ ಮೇಲೆ ದೀಪ ಇಟ್ಟೂ ಇಟ್ಟೂ ಅವಳಿಗೆ ಮನೆಯಲ್ಲೂ ಅದೇ ಚಾಳಿ ಅಂಟಿತ್ತು. "ಚಹಾ ಆಯ್ತಾ?" ಎಂದರೆ, "ಕುದೀತಿರೋ ಸಾಧ್ಯತೆ ಇದೆ" ಎನ್ನುತ್ತಿದ್ದಳು.

ಅತ್ತೆಯಂತೂ ಸೊಸೆ ಮದುವೆಯಾಗಿ ಬಂದ ಹನ್ನೊಂದು ವರ್ಷವೂ ಅವಳ ಮುನ್ಸೂಚನೆಯನ್ನು ತಪ್ಪದೇ ಕೇಳಿ, ತಪ್ಪದೇ ಅದಕ್ಕೆ ವಿರುದ್ಧ ನಡೆದವರು. ರೇಡಿಯೋ ಮಳೆ ಎಂದ ದಿನ ಬಟ್ಟೆ ಒಗೆದು ಮಹಡಿಯ ಮೇಲೆ ಒಣಹಾಕುವುದು ಅವರ ನೇಮ. ಅದಕ್ಕೆ ಕಾರಣವೂ ಇತ್ತು.

ಈ ಹತ್ತು ದಿನದ ಹಾದಿಯ ಅತಿ ಎತ್ತರದ ಜಾಗಕ್ಕೆ ನಡೆಯುವವರೆಲ್ಲ 'ನೆತ್ತಿ' ಎನ್ನುತ್ತಾರೆ. ಅತ್ತೆ ಅದನ್ನು ದಾಟಲು ಎರಡು ಸಲ ಬಂದು ಎರಡು ಸಲವೂ ಹಿಂದಿರುಗಿದ್ದರು. ಮೊದಲ ಸಲ ಮೂರನೆಯ ದಿನಕ್ಕೇ ಬೂಟಿನ ಅಟ್ಟೆ ಬಾಯಿಬಿಟ್ಟಿತ್ತು. ಎರಡನೆಯ ಸಲ, ಹದಿನಾಲ್ಕು ವರ್ಷದ ಹಿಂದೆ, ನೆತ್ತಿಯ ಕೆಳಗಿನ ತಂಗುಮನೆಯವರೆಗೂ ಬಂದಿದ್ದರು. ಬೆಳಿಗ್ಗೆ ರೇಡಿಯೋ 'ಭಾರೀ ಮಳೆಯ ಸಾಧ್ಯತೆ' ಎಂದಿತು. ಜೊತೆಗಿದ್ದ ಟೀಚರುಗಳೆಲ್ಲ ಗಂಟುಮೂಟೆ ಕಟ್ಟಿದರು. ಇಳಿದು ಬಸ್ಸು ಹತ್ತುವವರೆಗೂ ಆಕಾಶ ತೊಳೆದಿಟ್ಟ ತಟ್ಟೆಯಂತಿತ್ತು.

"ಯಾವ ಪುಣ್ಯಾತ್ಮ ಬರೆದಿದ್ನೋ ಅದನ್ನ, ಕೈಗೆ ಸಿಗ್ಲಿ," ಎಂದು ಅತ್ತೆ ತಾರೀಖು ಸಮೇತ ಹೇಳುತ್ತಿದ್ದರು. ಮದುವೆಯಾದ ಹೊಸದರಲ್ಲಿ ಸೊಸೆ ಸುಮ್ಮನೆ ಕುತೂಹಲಕ್ಕೆ ಕಚೇರಿಯ ಹಳೆಯ ಕಡತ ತೆಗೆದು ಆ ತಾರೀಖು ನೋಡಿದಳು. ತನ್ನದೇ ಅಕ್ಷರ! ಕೆಲಸಕ್ಕೆ ಸೇರಿ ಇನ್ನೂ ತಿಂಗಳಾಗಿರಲಿಲ್ಲ. ನಕ್ಷೆ ನೋಡಿದರೆ ಮಳೆಯ ಸುಳಿವೇ ಇರಲಿಲ್ಲ, ಅದು ಚೆನ್ನಾಗಿ ನೆನಪಿತ್ತು. ಯಾಕೆ ಬೇಕು ರಗಳೆ, ಒಂದು ಮಾತು ಇರಲಿ ಎಂದು ಸೇರಿಸಿದ್ದಳು. ಅಂದಿನಿಂದ ಊಟಕ್ಕೆ ಕೂತಾಗ ಆ ಮಾತು ಬಂದರೆ ಸಾಕು, ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಪಾಡು ಅವಳದು.

ಈ ಸಲ ಅಮ್ಮನ ಜೊತೆ ಹೊರಡಬೇಕಿದ್ದವನು ಮಗ. ಹದಿನಾಲ್ಕು ಕಿಲೋ ತುಂಬಿದ ಚೀಲ ಹೊತ್ತು ಅಭ್ಯಾಸಕ್ಕೆಂದು ಮನೆಯ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಹತ್ತಿದ್ದೇನೋ ಸರಿಯಾಗಿತ್ತು. ಅವನ ಪಾದಕ್ಕೆ ಪಟ್ಟಿ ಬಿದ್ದ ಸಂಜೆಯೇ ಸೊಸೆ ಅವನ ಚೀಲದ ಬೆಲ್ಟನ್ನು ತನ್ನ ಅಳತೆಗೆ ಬಿಗಿದುಕೊಂಡಳು. ಅತ್ತೆಗೆ ಅರವತ್ತನಾಲ್ಕು. "ಮಂಡಿ ಈ ವರ್ಷ ತಡೆಯುತ್ತೆ, ಮುಂದಿನ ವರ್ಷ ಬೆಟ್ಟದ ಮಾತೇ ಬೇಡ," ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ದೂರದ ಬೆಟ್ಟ ನುಣ್ಣಗೆ ಎಂದವರು ಹತ್ತಿರ ಹೋಗಿ ನೋಡಿಯೇ ಹೇಳಿರಬೇಕು. ಬೆಳಿಗ್ಗೆ ಬೆವರು, ಮಧ್ಯಾಹ್ನ ಆಲಿಕಲ್ಲು, ಸಂಜೆಗೆ ತಮ್ಮ ಪಾದ ತಮಗೇ ಕಾಣದಷ್ಟು ಮಂಜು. ರೈನ್‌ಕೋಟು ಹಾಕಿಕೊಂಡರೆ ಬಿಸಿಲು, ಮಡಚಿಟ್ಟರೆ ಮಳೆ. ನಾಲ್ಕನೆಯ ದಿನ ಒದ್ದೆ ಕಾಲುಚೀಲಗಳನ್ನು ಚೀಲದ ಹಿಂದೆ ಪಿನ್ನು ಹಾಕಿ ಸಿಕ್ಕಿಸಿ ಒಣಗಿಸುತ್ತಾ ನಡೆದರು. "ಒಣಗಬಹುದು," ಎಂದಳು ಸೊಸೆ. ಪೀಂ!

ಏಳನೆಯ ಸಂಜೆ ನೆತ್ತಿಯ ಕೆಳಗಿನ ತಂಗುಮನೆ ಸೇರಿದರು. ಕಲ್ಲಿನ ಗೋಡೆ, ಎರಡು ಅಂತಸ್ತಿನ ಹಲಗೆ ಮಂಚ, ಒಲೆಯ ಸುತ್ತ ನೇತುಹಾಕಿದ ಯಾರ್‍ಯಾರದೋ ಬೂಟುಗಳ ಕಮಟು ವಾಸನೆ. ತಂಗುಮನೆ ನೋಡಿಕೊಳ್ಳುವ ಗಡ್ಡದವನು ಆಗಲೇ ಪಾತ್ರೆ ಕಟ್ಟಿಡುತ್ತಿದ್ದ.

"ನಾಡಿದ್ದು ಬಾಗಿಲು ಹಾಕ್ತೀನಿ. ಇನ್ನು ಹಿಮ ಕರಗಿದ ಮೇಲೇ ತೆಗೆಯೋದು. ದಾಟೋದಾದ್ರೆ ನಾಳೆ ದಾಟಿ. ಆದ್ರೆ ನಾಳೆ ಹೇಗಿರುತ್ತೋ ನನ್ನ ಕೇಳ್ಬೇಡಿ, ಮೇಲೆ ಮಳೆಗೆ ಸಿಕ್ಕಿದ್ರೆ ಕಾಲಿಡೋಕೆ ಜಾಗ ಇರಲ್ಲ."

ಅತ್ತೆ ಸೊಸೆಯನ್ನು ಹೊರಗೆ ಕರೆದುಕೊಂಡು ಹೋದರು. ಕಲ್ಲಿನ ಕಟ್ಟೆಯ ಮೇಲೆ ಕೂತು ಮಂಡಿಗೆ ಮುಲಾಮು ತಿಕ್ಕುತ್ತಾ ಕೇಳಿದರು.

"ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನಾಳೆ ಇಬ್ಬರಿಗೂ ಒಂದೇ ಕಾಲ. ಎಂಥ ಕಾಲ ಅಂತ ನೀನೇ ಹೇಳು. ಬರುತ್ತಾ, ಬರಲ್ವಾ?"

"ಅತ್ತೆ, ಇಲ್ಲಿ ನಕ್ಷೆ ಇಲ್ಲ, ಫೋನೂ ಸಿಗಲ್ಲ. ಸಾಧ್ಯ—"

ಪೀಂ! ಮೂವತ್ತೆರಡು.

"ನೀನು ಹೋಗೋಣ ಅಂದ್ರೆ ಹೋಗೋಣ. ಬೇಡ ಅಂದ್ರೆ ಇಳಿಯೋಣ. ನಿನ್ನ ಮಾತಿನ ಮೇಲೆ ನಾನು ಮಾತಾಡಲ್ಲ."

ಹನ್ನೊಂದು ವರ್ಷದಲ್ಲಿ ಅತ್ತೆ ಹಾಗೆಂದದ್ದು ಅದೇ ಮೊದಲು. ಸೊಸೆ ಲೆಕ್ಕ ಹಾಕಿದಳು. ತಪ್ಪಾಗಿ 'ಬರಲ್ಲ' ಎಂದರೆ ಮೇಲೆ ಆ ಮಂಡಿಯ ಗತಿ ಏನು? ಹೆದರಿ 'ಬರುತ್ತೆ' ಎಂದರೆ ಇವರಿಗೆ ನೆತ್ತಿಯನ್ನು ತಾನೇ ಎರಡನೆಯ ಸಲ ತಪ್ಪಿಸಿದಂತೆ. ಜೇಬಿನಿಂದ ಗಡಿಯಾರದಷ್ಟಿದ್ದ ಒತ್ತಡಮಾಪಕ ತೆಗೆದಳು. ತಂಗುಮನೆ ಸೇರಿದಾಗಿನಿಂದ ಮುಳ್ಳು ಮೇಲಕ್ಕೇ ಹೋಗುತ್ತಿತ್ತು, ಬಾನು ತಿಳಿಯಾಗುವ ಲಕ್ಷಣ. ಮೂರು ದಿನ ಎದುರಿಗೆ ಬಡಿದ ಗಾಳಿ ಈಗ ಬೆನ್ನಿಗೆ ತಿರುಗಿತ್ತು. ಮಂಜು ಕೆಳಗಿನ ಕಣಿವೆಯಲ್ಲಿ ಕೂತುಬಿಟ್ಟಿತ್ತು. ಆದರೆ ಪಡುವಣದ ತುದಿಯಲ್ಲಿ, ಬಲು ಎತ್ತರದಲ್ಲಿ, ಬಾಚಿ ಬಿಟ್ಟ ಕೂದಲಿನಂಥ ತೆಳು ಮೋಡ, ಹಿಂದೆ ಮಳೆ ಬರುತ್ತಿದೆ ಎನ್ನುವ ಗುರುತು. ಇವಿಷ್ಟನ್ನೂ ಎರಡೆರಡು ಸಲ ನೋಡಿದಳು. ಆಮೇಲೆ ಕಣ್ಣುಮುಚ್ಚಿ ಹೇಳಿಬಿಟ್ಟಳು.

"ಹನ್ನೊಂದು ಗಂಟೆವರೆಗೆ ಬರಲ್ಲ. ಹನ್ನೊಂದಕ್ಕೆ ಬರುತ್ತೆ."

ಸೀಟಿ ಮೊಳಗಲಿಲ್ಲ. "ಹಾಗಾದ್ರೆ ಐದೂವರೆಗೆ ಎದ್ದು ನಡಿ," ಎಂದು ಅತ್ತೆ ಮುಲಾಮಿನ ಡಬ್ಬಿ ಮುಚ್ಚಿದರು.

ಮರುದಿನ ಹತ್ತಕ್ಕೆ ಹತ್ತು ನಿಮಿಷವಿದ್ದಾಗ ಇಬ್ಬರೂ ನೆತ್ತಿಯ ಮೇಲಿದ್ದರು. ಸುತ್ತ ನಾಲ್ಕು ದಿಕ್ಕಿಗೂ ಬೆಟ್ಟಗಳು, ಮೇಲೆ ಒಂದು ಚೂರೂ ಮೋಡವಿಲ್ಲ. ಅತ್ತೆ ಚೀಲ ಕೆಳಗಿಟ್ಟರು, ಬೆನ್ನು ನೆಟ್ಟಗೆ ಮಾಡಿದರು, ತಮಗೆ ತಾವೇ ಸೀಟಿ ಊದಿಕೊಂಡು ಎರಡೂ ಕೈ ಮೇಲೆತ್ತಿ, ಪಕ್ಕಕ್ಕೆ ಚಾಚಿ, ಕೆಳಗಿಳಿಸಿ ಪೂರ್ತಿ ಒಂದು ಸುತ್ತು ಡ್ರಿಲ್ ಮಾಡಿದರು. ಮುಖ ಆರನೇ ಕ್ಲಾಸಿನ ಹುಡುಗಿಯದಾಗಿತ್ತು. ಆ ಮುಖ ನೋಡಿ ಸೊಸೆಗೆ ತಡೆಯಲಾಗಲಿಲ್ಲ.

"ಅತ್ತೆ, ಆವತ್ತು ಭಾರೀ ಮಳೆ ಅಂತ ಬರೆದದ್ದು ನಾನೇ."

ಎರಡನೆಯ ಸುತ್ತಿಗೆ ಎತ್ತಿದ ಅತ್ತೆಯ ಕೈ ಅರ್ಧಕ್ಕೇ ನಿಂತಿತು. "ನಿನಗೆ ಮಳೆ ಬರುತ್ತೆ ಅನ್ನಿಸಿತ್ತಾ?"

"ಇಲ್ಲ. ಬರಲ್ಲ ಅಂತಾನೇ ಅನ್ನಿಸಿತ್ತು. ಬರದಿದ್ರೆ ಯಾರೂ ಕೇಳಲ್ಲ, ಬಂದ್ರೆ ನನ್ನನ್ನ ಕೇಳ್ತಾರೆ ಅಂತ ಹೆದರಿಕೊಂಡು..."

ಅತ್ತೆ ಕೈ ಇಳಿಸಿದರು. ಚೀಲ ಹೆಗಲಿಗೇರಿಸಿ ಆಚೆ ಕಡೆಯ ಇಳಿಜಾರಿನಲ್ಲಿ ಮುಂದೆ ನಡೆದರು. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ಮಾತಿಲ್ಲ, ಸೀಟಿಯೂ ಇಲ್ಲ. ಇದಕ್ಕಿಂತ ನೂರು ಸೀಟಿ ವಾಸಿ ಎನ್ನಿಸಿತು ಸೊಸೆಗೆ. ಹೇಳಬಾರದಿತ್ತು. ಒಳ್ಳೆಯ ದಿನವನ್ನು ತಾನೇ ಕೈಯಾರೆ ಕೆಡಿಸಿದೆ ಎಂದು ಅಳು ಬಂತು.

ಸರಿಯಾಗಿ ಹನ್ನೊಂದಕ್ಕೆ ಅತ್ತೆ ನಿಂತರು. ಕೈಗಡಿಯಾರ ನೋಡಿದರು. ಚೀಲ ಬಿಚ್ಚಿ ರೈನ್‌ಕೋಟು ತೆಗೆದು, ಸುಡುವ ಬಿಸಿಲಿನಲ್ಲಿ, ಕತ್ತಿನವರೆಗೆ ಒಂದೊಂದೇ ಗುಂಡಿ ಹಾಕಿಕೊಂಡು, ತಲೆಗೆ ಟೋಪಿ ಎಳೆದುಕೊಂಡು ಮತ್ತೆ ನಡೆಯತೊಡಗಿದರು.

ಕೆಳಗಿನಿಂದ ಬನಿಯನ್ನಿನಲ್ಲಿ ಬೆವರುತ್ತಾ ಹತ್ತಿ ಬರುತ್ತಿದ್ದ ಒಬ್ಬ ನಿಂತು ನೋಡಿದ.

"ಅಜ್ಜಿ, ಸೆಕೆ ಆಗ್ತಿಲ್ವಾ?"

"ಆಗ್ತಿದೆ."

"ಮತ್ತೆ ಕೋಟು?"

"ಮಳೆ ಬರುತ್ತೆ. ನನ್ನ ಸೊಸೆ ಹೇಳಿದಾಳೆ. ನೀನೂ ಹಾಕ್ಕೋ."

ಅವನು ಆಕಾಶ ನೋಡಿದ, ಸೊಸೆಯನ್ನು ನೋಡಿದ, ನಗು ನುಂಗಿಕೊಂಡು ಹತ್ತಿಹೋದ. ಹನ್ನೊಂದೂಕಾಲು ಆಯಿತು. ಹನ್ನೊಂದೂವರೆ ಆಯಿತು. ಹನಿಯ ಸುಳಿವಿಲ್ಲ. ಅತ್ತೆಯ ಮುಖ ಟೋಪಿಯೊಳಗೆ ಟೊಮೆಟೊ ಆಗಿತ್ತು.

"ಅತ್ತೆ, ದಮ್ಮಯ್ಯ, ಕೋಟು ತೆಗೀರಿ. ನಾನು ಹೇಳಿದ್ದು ತಪ್ಪಿರಬಹು—"

ಪೀಂ! ಟೋಪಿಯೊಳಗಿಂದಲೇ ಬಂತು, ಇಡೀ ಬೆಟ್ಟಕ್ಕೆ ಕೇಳುವ ಹಾಗೆ. ಮೂವತ್ತಮೂರು.

ಸೊಸೆ ನಕ್ಕಳು, ಅತ್ತಳು, ಯಾವುದು ಮೊದಲು ಯಾವುದು ಆಮೇಲೆ ಎಂದು ಅವಳಿಗೇ ತಿಳಿಯಲಿಲ್ಲ. ತನ್ನ ಚೀಲ ಬಿಚ್ಚಿ ತಾನೂ ರೈನ್‌ಕೋಟು ಹಾಕಿಕೊಂಡು ಕತ್ತಿನವರೆಗೆ ಗುಂಡಿ ಹಾಕಿದಳು. ಒಂದೂ ಮೋಡವಿಲ್ಲದ ಆಕಾಶದ ಕೆಳಗೆ ಇಬ್ಬರೂ ಬೆವರಿನಲ್ಲಿ ತೊಯ್ದು ಕೋಟು ಸರಗುಟ್ಟಿಸುತ್ತಾ ಇಳಿದರು.

ಹನ್ನೆರಡೂಕಾಲಕ್ಕೆ ಪಡುವಣದ ಬೆಟ್ಟದ ಹಿಂದಿನಿಂದ ಮೋಡ ನುಗ್ಗಿ ಬಂತು. ಮೊದಲ ದಪ್ಪ ಹನಿ ಅತ್ತೆಯ ಟೋಪಿಯ ಮೇಲೆ ಟಪ್ಪೆಂದಿತು. ಅತ್ತೆ ಗಡಿಯಾರ ನೋಡಿಕೊಂಡರು.

"ಲೇಟು," ಎಂದರು. "ಇರ್ಲಿ, ಹಾಜರಿ ಹಾಕ್ಕೊಂಡಿದೀನಿ."