ಹುಟ್ಟುಹಬ್ಬದ ಬಟ್ಟಲು

ದಯಾರತ್ನ ಭಟ್ಟಿಯಿಂದ ತಟ್ಟೆಗಳನ್ನು ಹೊರಗೆಳೆಯುತ್ತಿದ್ದಾಗ ಜಯಸೇನ ತೀರಿಕೊಂಡ ಸುದ್ದಿ ಬಂತು. ಕೈ ನಿಲ್ಲಿಸುವಂತಿರಲಿಲ್ಲ, ಭಟ್ಟಿ ಕೆಲಸ ಯಾರ ಸಾವಿಗೂ ಕಾಯುವುದಿಲ್ಲ. ಸರಕಾರಿ ಕಾರ್ಖಾನೆಯ ಆ ಭಟ್ಟಿಗೆ ಇಪ್ಪತ್ತೆಂಟು ವರ್ಷ ಜಯಸೇನನೇ ಮೇಸ್ತ್ರಿ. ಈಗ ಆ ಜಾಗದಲ್ಲಿ ದಯಾರತ್ನ.

ಮೂರನೆಯ ದಿನ, ಹೆಣ ಎತ್ತುವ ಮೊದಲು, ಜಯಸೇನನ ಹೆಂಡತಿ ಅಸಿಲಿನ್ ಅವನನ್ನು ಬಾಳೆಗಿಡದ ಮರೆಗೆ ಕರೆದಳು.

"ತಮ್ಮಾ, ಅವರ ಗುಣ ಹೇಳೋಕೆ ನೀನೂ ನಿಲ್ತೀಯಲ್ಲ. ಕಾರ್ಖಾನೆ ಮುಳುಗಿಸಿದ್ದು ಅವರಲ್ಲ ಅಂತ ಒಂದೇ ಮಾತು ಹೇಳು."

"ಕೊಲಂಬೊದಿಂದ ಕಾರ್ಖಾನೆ ಅಧ್ಯಕ್ಷರು ಬಂದಿದಾರೆ, ಅಕ್ಕಾ..."

"ಅದಕ್ಕೇ ಹೇಳು ಅಂದಿದ್ದು."

* * *

ಚುನಾವಣೆಗೊಮ್ಮೆ ಕೈಗಾರಿಕಾ ಮಂತ್ರಿಯ ಕಡೆಯ ನೂರು ಜನ ಕೆಲಸಕ್ಕೆ ಸೇರುತ್ತಿದ್ದರು. ಒಂದು ಬಟ್ಟಲನ್ನು ಮೂವರು ಒರೆಸುತ್ತಿದ್ದರು. ತಟ್ಟೆಯ ಬೆಲೆ ಸರಕಾರ ಕಟ್ಟಿದ್ದು. ಮಣ್ಣು, ಎಣ್ಣೆಗಳ ಬೆಲೆ ಪೇಟೆಯದು. ಜಪಾನಿನವರು ತರಿಸುತ್ತಿದ್ದ ಊಟದ ತಟ್ಟೆಗಳಿಂದಲೇ ಕಾರ್ಖಾನೆ ಉಸಿರಾಡುತ್ತಿತ್ತು. ಒಂದು ಸಲ ಆ ಕೆಲಸ ಬದಿಗಿಟ್ಟು, ಮಂತ್ರಿಯ ಹುಟ್ಟುಹಬ್ಬಕ್ಕೆ ಅವನ ಮುಖವಿರುವ ಐದು ಸಾವಿರ ಬಟ್ಟಲು ಸುಡಬೇಕೆಂದು ಅಪ್ಪಣೆಯಾಯಿತು.

"ಭಟ್ಟಿ ಆರೋಕೆ ಎರಡು ದಿನ ಬೇಕು ಸರ್," ಎಂದ ಜಯಸೇನ. "ಆತುರಕ್ಕೆ ತೆಗೆದ್ರೆ ಕೂದಲೆಳೆಯಷ್ಟು ಬಿರುಕು ಬೀಳುತ್ತೆ. ನೀರು ಹುಯ್ದಾಗ್ಲೇ ಗೊತ್ತಾಗೋದು."

ಅಧ್ಯಕ್ಷ ನಕ್ಕ. "ನಿನ್ನ ಭಟ್ಟಿ ಆರಲಿ ಅಂತ ಮಂತ್ರಿಗಳು ತಡವಾಗಿ ಹುಟ್ಟಬೇಕಿತ್ತೇನಯ್ಯಾ?"

ಬಟ್ಟಲು ಸೋರಿದವು. ಹೇಳಿದ ಹೊತ್ತಿಗೆ ತಟ್ಟೆ ಸಿಗದ ಜಪಾನಿನವರು ಮತ್ತೆ ಬರಲಿಲ್ಲ. ನಷ್ಟಕ್ಕೆ ಕಾರಣ ಭಟ್ಟಿ ಮೇಸ್ತ್ರಿಯ ಅಜಾಗರೂಕತೆ ಎಂದು ವರದಿಯಾಯಿತು. ಕೆಳಗೆ ಸಾಕ್ಷಿಯಾಗಿ ದಯಾರತ್ನ ರುಜು ಹಾಕಿದ. ಜಯಸೇನನ ಕೆಲಸ ಹೋಯಿತು. ಅಂದಿನಿಂದ ಚಹದಂಗಡಿಯಲ್ಲಿ ಜಯಸೇನನಿಗೆ ತಗಡಿನ ಲೋಟ. "ಪಿಂಗಾಣಿ ಇವನ ಕೈಲಿ ಉಳಿಯಲ್ಲಪ್ಪ!" ಎಂದು ಅಂಗಡಿಯವನು ನಗುತ್ತಿದ್ದ. ಆರು ವರ್ಷ ಅವನು ಆ ಲೋಟದಲ್ಲೇ ಕುಡಿದ.

* * *

ಹೆಣದ ಮುಂದೆ ಗುಣ ಹೇಳಲು ದಯಾರತ್ನ ಎದ್ದು ನಿಂತ. ಎದುರಿಗೇ ಅಧ್ಯಕ್ಷ ಕೂತಿದ್ದ.

"ಜಯಸೇನಣ್ಣ ಯಾರಿಗೂ ಕೆಟ್ಟದ್ದು ಬಯಸಿದೋರಲ್ಲ," ಎಂದ. "ಬೆಲ್ಲ ಕಚ್ಕೊಂಡು ಚಹ ಕುಡಿಯೋದಂದ್ರೆ ಅವರಿಗೆ ಬಲು ಇಷ್ಟ."

ಕೂತುಬಿಟ್ಟ. ಅಸಿಲಿನ್ ತಲೆಯೆತ್ತಲಿಲ್ಲ.

ಭಿಕ್ಷುಗಳಿಗೆ ಬಿಳಿ ಬಟ್ಟೆ ಒಪ್ಪಿಸಿದ್ದಾಯಿತು. ಇನ್ನು ಹೂಜಿಯಿಂದ ಬಟ್ಟಲಿಗೆ ನೀರು ಹುಯ್ಯಬೇಕು. ಬಟ್ಟಲು ತುಂಬಿ ಹರಿದರೆ ಪುಣ್ಯ ಸತ್ತವನಿಗೆ ಮುಟ್ಟುತ್ತದೆ. ಹೂಜಿ, ಬಟ್ಟಲು, ತಟ್ಟೆ ಕಾರ್ಖಾನೆಯ ಕಾಣಿಕೆ. ಉಗ್ರಾಣದಲ್ಲಿ ಉಳಿದಿದ್ದ ಸರಕು. ಬಟ್ಟಲ ಮೇಲೆ ಮಂತ್ರಿ ನಗುತ್ತಿದ್ದ.

"ಬಾ ತಮ್ಮಾ, ನೀನೂ ಕೈ ಹಚ್ಚು," ಎಂದಳು ಅಸಿಲಿನ್.

ಅವಳು ಎಳೆ ಎಳೆಯಾಗಿ ಹುಯ್ದಳು. ನೀರು ಅರ್ಧಕ್ಕೇರಿ ನಿಂತುಬಿಟ್ಟಿತು. ಮಂತ್ರಿಯ ಗಲ್ಲದ ಕೆಳಗಿಂದ ಹನಿ ಹನಿಯಾಗಿ ತಟ್ಟೆಗೆ ಇಳಿಯುತ್ತಿತ್ತು. ಹೂಜಿ ಹಗುರಾಗುತ್ತಿತ್ತು.

"ಇನ್ನೂ ತುಂಬಲಿಲ್ವೇನಮ್ಮಾ?" ಎಂದು ಅಧ್ಯಕ್ಷ ಕತ್ತು ಚಾಚಿದ.

ದಯಾರತ್ನ ಬಟ್ಟಲಿಗೆ ಕೈ ಚಾಚಿ, ಬಿರುಕಿನ ಮೇಲೆ ಹೆಬ್ಬೆರಳನ್ನು ಒತ್ತಿ ಹಿಡಿದ. ಅಸಿಲಿನ್ ಆ ಬೆರಳನ್ನೇ ನೋಡುತ್ತ ಕೊನೆಯ ಹನಿಯವರೆಗೆ ಹುಯ್ದಳು. ನೀರು ಅಂಚು ಮೀರಿ ಅವನ ಮುಂಗೈ ಮೇಲೆ ಹರಿಯಿತು.

"ಈ ಪುಣ್ಯ ಜಯಸೇನನಿಗೆ ಸಲ್ಲಲಿ," ಎಂದರು ಹಿರಿಯ ಭಿಕ್ಷುಗಳು. "ಹೋದ ಜೀವಕ್ಕೆ ಶಾಂತಿ ಸಿಗಲಿ."

"ಸಾಧು, ಸಾಧು," ಎಂದು ಎಲ್ಲರೂ ಅನುಮೋದಿಸಿದರು. ದಯಾರತ್ನ ಬೆರಳು ತೆಗೆಯದೆಯೇ ಅಂದ: "ಸಾಧು."