ಎಳೆಮರಿ ಹಿಡಿದ ಕೈ

ಯುದ್ಧ ಇನ್ನೂ ನಾಲ್ಕು ದಿನ ನಡೆಯಲಿ ಎಂದು ತನ್ನ ಮನಸ್ಸು ಬಯಸುತ್ತಿದೆಯೇ? ಬೆಳಿಗ್ಗೆ ಮುದ್ದೆ ಕಟ್ಟುತ್ತಿದ್ದ ಕಾವ್ಯಶ್ರೀಗೆ ಹಾಗೊಂದು ಅನುಮಾನ ಬಂದು ಕೈ ನಿಂತಿತು. ಗಡಿಯಲ್ಲಿರುವವನು ಒಡಹುಟ್ಟಿದ ಅಣ್ಣ ವಿನೋದ್. ಟಿವಿಯವರು ಕದನವಿರಾಮ, ಮಾತುಕತೆ ಎನ್ನುತ್ತಿದ್ದಾರೆ. ಊರೆಲ್ಲ ಆಗಲಿ, ಆಗಲಿ ಎಂದು ಕಾಯುತ್ತಿದ್ದರೆ ಇವಳ ಚಿಂತೆಯೇ ಬೇರೆ. ಯುದ್ಧ ನಿಂತರೆ ಸ್ವಾತಿಯ ಶೂಟಿಂಗೂ ನಿಲ್ಲುತ್ತದೆ. ಅದರಲ್ಲಿ ತನ್ನ ಮುಖ ಒಂದು ಸಲವೂ ಬಾರದೆ ಹೋಗುತ್ತದೆ.

ಸ್ವಾತಿ ಚಿತ್ರದುರ್ಗದವಳು, ಇವಳ ಜೊತೆ ಡಿಗ್ರಿ ಓದಿದವಳು. ಸೈನಿಕನ ಮನೆಯೊಂದರಲ್ಲಿ ಯುದ್ಧದ ದಿನಗಳು ಹೇಗೆ ಕಳೆಯುತ್ತವೆ ಎಂದು ಸಾಕ್ಷ್ಯಚಿತ್ರ ಮಾಡಬೇಕೆಂದಾಗ, ರಾಮಗಿರಿ ಹತ್ತಿರದ ತಮ್ಮೂರಿಗೆ ಅವಳನ್ನು ಕರೆತಂದವಳೇ ಕಾವ್ಯಶ್ರೀ. ಆದರೆ ಕ್ಯಾಮೆರಾ ಎದುರು ಕೂರಿಸಿದ ಮೊದಲ ದಿನವೇ ಇವಳ ಬಾಯಿ ಕಟ್ಟಿತು. "ಬಿಡೇ ಕಾವ್ಯ, ಆಮೇಲೆ ನೋಡಾಣ" ಎಂದು ಸ್ವಾತಿ ವಿನೋದನ ಹೆಂಡತಿಯ ಕಡೆ ತಿರುಗಿದಳು. ಧರ್ಮಪುರದ ಕಡೆಯಿಂದ ಬಂದ ಅತ್ತಿಗೆ ರೋಜಾಳಿಗೆ ಮಾತೆಂದರೆ ನೀರು ಕುಡಿದಷ್ಟು ಸಲೀಸು. ಅಲ್ಲಿಂದ ಮುಂದೆ ನೀರು ತರುವ ರೋಜಾ, ಶೇಂಗಾ ಬಿಡಿಸುವ ರೋಜಾ, ಫೋನ್ ನೋಡುತ್ತ ಕೂತ ರೋಜಾ. ಥರ್ಮಾಕೋಲ್ ಹಲಗೆ ಹಿಡಿದು ಅವಳ ಮುಖಕ್ಕೆ ಬೆಳಕು ಬೀಳಿಸುವ ಕೆಲಸ ಕಾವ್ಯಶ್ರೀಯದು. ಅಣ್ಣನ ಮದುವೆಗೆ ಮುಂಚೆ ಅವನ ಫೋನ್ ಬರುತ್ತಿದ್ದುದು ಇವಳಿಗೆ. ಈಗ ಅದೂ ರೋಜಾಳಿಗೇ.

ಹೊತ್ತೇರುವಾಗ ಕುರಿ ಕೂಡುವ ರೊಪ್ಪದಲ್ಲಿ ಒಂದು ಕುರಿ ಮರಿ ಹಾಕಿತು. ವಿನೋದ್ ಹಿಂದಿನ ರಜೆಯಲ್ಲಿ ತಂದು ಬಿಟ್ಟಿದ್ದ ಕುರಿ, ಚೊಚ್ಚಲು.

"ಸಖತ್ತಾಗೈತೆ! ರೋಜಕ್ಕ, ಮರಿ ಎತ್ಕಳ್ರಿ" ಎಂದು ಸ್ವಾತಿ ಕುಣಿದಳು. "ಇದೇ ನನ್ನ ಫಿಲ್ಮಿನ ಕೊನೇ ಶಾಟ್."

"ತಡೀರಿ, ಒಂಚೂರು ಪೌಡರ್ ಹಾಕ್ಕಂಬತ್ತೀನಿ" ಎಂದ ರೋಜಾ, ನಾದಿನಿಯ ಕಡೆ ನೋಡಿ ನಕ್ಕಳು. "ನಿಮ್ಮಣ್ಣಾರು ನೋಡ್ತಾರಲ್ಲಮ್ಮ!"

ಚೊಚ್ಚಲ ಕುರಿ ತನ್ನ ಮರಿಯನ್ನು ಗುರುತು ಹಿಡಿಯುವುದು ವಾಸನೆಯಿಂದ. ನೆಕ್ಕಿ ಮುಗಿಸುವ ಮೊದಲೇ ಪೌಡರು, ಸೋಪು ಏನಾದರೂ ಹತ್ತಿದರೆ ತನ್ನದಲ್ಲವೆಂದು ಒದೆಯುತ್ತದೆ. ಕುರಿ ಸಾಕುವ ಮನೆಯಲ್ಲಿ ಹುಟ್ಟಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಶೇಂಗಾ ಬೆಳೆಯುವ ಮನೆಯಿಂದ ಬಂದವಳಿಗೆ ಯಾರೂ ಹೇಳಿರಲಿಲ್ಲ. ಅವ್ವ ಉಚ್ಚಂಗಮ್ಮ ಹೊಲಕ್ಕೆ ಹೋಗಿದ್ದಳು. ಕಾವ್ಯಶ್ರೀ ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ರೋಜಾ ಪೌಡರ್ ಮೆತ್ತಿದ ಕೆನ್ನೆಯನ್ನು ಮರಿಯ ಹಣೆಗೆ ಒತ್ತಿ, "ಬತ್ತಾರೆ ಕಣೋ, ನಿನ್ನ ನೋಡಾಕೆ ಬತ್ತಾರೆ" ಎಂದಳು. ಸ್ವಾತಿಯ ಕಣ್ಣು ತುಂಬಿತು. ಕಾವ್ಯಶ್ರೀ ಬಾಯಿ ಮುಚ್ಚಿಕೊಂಡು ಹಲಗೆಯನ್ನು ಇನ್ನಷ್ಟು ನೆಟ್ಟಗೆ ಹಿಡಿದಳು.

ಮಧ್ಯಾಹ್ನದಿಂದ ಕುರಿ ತನ್ನ ಮರಿಯನ್ನು ಹತ್ತಿರ ಸೇರಿಸಲಿಲ್ಲ. ಹೊಲದಿಂದ ಬಂದ ಉಚ್ಚಂಗಮ್ಮ ಅದರ ಹಾಲನ್ನೇ ಹಿಂಡಿ ಮರಿಯ ಮೈಗೆ ಸವರಿದಳು, ತಾಯಿ ನೆಕ್ಕಲೆಂದು ಉಪ್ಪು ಉಜ್ಜಿದಳು. ಕುರಿ ಮೂಸಿತು, ಮತ್ತೆ ಒದೆಯಿತು. ಸಂಜೆ ಟಿವಿಯಲ್ಲಿ ಗುಂಡಿನ ದಾಳಿ ನಿಲ್ಲಿಸಲು ಒಪ್ಪಿದ್ದಾರೆಂಬ ಸುದ್ದಿ ಬಂದು ಬೀದಿಯಲ್ಲಿ ಪಟಾಕಿ ಸಿಡಿದರೂ ಅವಳು ರೊಪ್ಪ ಬಿಟ್ಟು ಏಳಲಿಲ್ಲ.

"ಯಾರು ಮುಟ್ಟಿದ್ರಿ ಇದನ್ನ?"

"ನಾನೇ ಅತ್ತೆ" ಎಂದಳು ರೋಜಾ.

"ನಾವೂ ದಿನಾ ಮುಟ್ಟತೀವಿ, ಏನೂ ಆಗಲ್ಲ. ನಿನ್ನ ಕೈಗುಣ ಕಣಮ್ಮ ಇದು. ನೀ ಕಾಲಿಟ್ಟು ವರ್ಷ ತುಂಬಿಲ್ಲ, ನನ್ನ ಮಗನ ತಲೆ ಮ್ಯಾಲೆ ಯುದ್ಧ ಬಂತು. ಈಗ ಅವನ ಕುರಿ ಹಿಂಗಾತು."

"ಹಂಗನ್ಬ್ಯಾಡ್ರಿ ಅಮ್ಮ" ಎಂದು ಸ್ವಾತಿ ಕ್ಯಾಮೆರಾ ಕೆಳಗಿಳಿಸಿದಳು.

ರೋಜಾ ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತ ನಿಂತಳು. ಮಾತಿಗೊಂದು ಮಾತು ಕೊಡುತ್ತಿದ್ದವಳ ಬಾಯಿಂದ ಒಂದು ಶಬ್ದ ಬರಲಿಲ್ಲ. ಇಷ್ಟು ದಿನ ಕಾವ್ಯಶ್ರೀ ಒಳಗೊಳಗೇ ಬಯಸಿದ್ದು ಇದನ್ನೇ ತಾನೆ, ಆ ಬಾಯಿ ಒಮ್ಮೆ ಕಟ್ಟಲಿ ಎಂದು? ಕಟ್ಟಿತ್ತು. ಅದನ್ನು ನೋಡಲಾಗುತ್ತಿರಲಿಲ್ಲ.

ರೋಜಾಳ ಫೋನ್ ಬಡಿದುಕೊಂಡಿತು. ವಿನೋದ್. ಅವಳು ಅದನ್ನು ತೆಗೆಯದೆ ಕಾವ್ಯಶ್ರೀಯ ಕೈಗೆ ತುರುಕಿದಳು. "ನೀನೇ ಮಾತಾಡಮ್ಮ. ನನ್ನ ಕೈಲಾಗಲ್ಲ."

"ಹಲೋ, ಕೇಳ್ತೈತೇನೇ? ಎಲ್ಲಾ ನಿಂತೋತು ಕಣೇ!" ಅಣ್ಣನ ದನಿ ನಗುತ್ತಿತ್ತು.

ಎಷ್ಟೋ ತಿಂಗಳ ಮೇಲೆ ಆ ದನಿ ಮೊದಲು ಬಿದ್ದದ್ದು ಇವಳ ಕಿವಿಗೆ. ಕಾವ್ಯಶ್ರೀ ಫೋನನ್ನು ಕಿವಿಯಿಂದ ತೆಗೆಯದೆ ಅವ್ವನ ಕಡೆ ತಿರುಗಿದಳು.

"ಅತ್ತಿಗೆ ಕೈಗುಣ ಅಲ್ಲವ್ವ ಅದು. ಪೌಡರ್ ಹಾಕ್ಕಂಡು ಎತ್ಕಂಡಿದ್ರು. ಕುರಿ ಒದೀತೈತೆ ಅಂತ ನಂಗೊತ್ತಿತ್ತು. ಹೊಟ್ಟೆಕಿಚ್ಚಿಗೆ ಬಾಯಿ ಮುಚ್ಕಂಡು ನಿಂತಿದ್ದೆ."